ಮಾನ ಹೋದದ್ದು ಯಾರದ್ದು?

2025ರ ಅಕ್ಟೋಬರ್ 2ರಂದು ‘ಕಾಂತಾರ: ಚಾಪ್ಟರ್ 1’ ತೆರೆಗೆ ಬಂತು. ಕೆಲವೇ ದಿನಗಳಲ್ಲಿ ತಮಿಳುನಾಡಿನ ದಿಂಡಿಗಲ್‌ನ ಚಿತ್ರಮಂದಿರವೊಂದಕ್ಕೆ ಅಭಿಮಾನಿಯೊಬ್ಬ ದೈವದ ವೇಷ ತೊಟ್ಟು ಬಂದ. ವಿಡಿಯೊ ಎಲ್ಲೆಡೆ ಹರಿದಾಡಿತು. ಕರಾವಳಿಯಲ್ಲಿ ಸಿಟ್ಟೆದ್ದಿತು. ದೈವಗಳನ್ನು ಅನುಕರಿಸಬೇಡಿ ಎಂದು ನಿರ್ಮಾಪಕರಾದ ಹೊಂಬಾಳೆ ಫಿಲ್ಮ್ಸ್ ಹೇಳಿಕೆ ಹೊರಡಿಸಿತು. ಆ ಸಿಟ್ಟಿಗೆ ಕಾರಣವಿದೆ. ಆದರೆ ಅದರ ನೆರಳಿನಲ್ಲೇ ಇನ್ನೊಂದು ಭಾವನೆಯೂ ನುಸುಳಿತು: ಮುಜುಗರ. ‘ಥಿಯೇಟರಿಗೆ ವೇಷ ಹಾಕ್ಕೊಂಡು ಬರ್ತಾರಲ್ಲ, ಹೊರಗಿನವರ ಮುಂದೆ ನಮ್ಮ ಮಾನ ಏನಾಗಬೇಕು’ ಎಂಬ ಹೊರನಾಡ ಕನ್ನಡಿಗರ ಹಳೇ ಗೊಣಗಾಟಕ್ಕೆ ಈಗ ದೈವದ ಹೆಸರು ಆಸರೆಯಾಗಿ ಸಿಕ್ಕಿತು. ಕರಾವಳಿಯ ಸಿಟ್ಟನ್ನು ಕೂತು ಕೇಳಿಸಿಕೊಳ್ಳಬೇಕು. ಈ ಗೊಣಗಾಟಕ್ಕೆ ಅಷ್ಟು ಮರ್ಯಾದೆ ಬೇಕಿಲ್ಲ.

ಬೇರೆಯವರು ಮಾಡಿದ್ದಕ್ಕೆ ತಾನು ನಾಚಿಕೊಳ್ಳುವುದಕ್ಕೆ ಜರ್ಮನ್‌ನಲ್ಲಿ ‘ಫ್ರೆಮ್ಡ್‌ಶೇಮೆನ್’ ಎಂಬ ಒಂದೇ ಕ್ರಿಯಾಪದವಿದೆ. ಅದರ ಮೊದಲ ಭಾಗಕ್ಕೆ ‘ಪರ’, ‘ಹೊರಗಿನ’ ಎಂಬ ಅರ್ಥ. ಕನ್ನಡದಲ್ಲಿ ಬಳಕೆಯಲ್ಲಿರುವುದು ‘ನಮ್ಮ ಮಾನ ಕಳೆದ’, ‘ನಮ್ಮ ಮರ್ಯಾದೆ ತೆಗೆದ’, ‘ನಾವು ತಲೆ ತಗ್ಗಿಸೋ ಹಾಗಾಯ್ತು’ ಎಂಬಂಥ ಮಾತುಗಳು. ಮೂರರಲ್ಲೂ ‘ನಾವು’ ಬಂದು ಕೂತಿದ್ದೇವೆ. ಅಂದರೆ ವೇಷ ಹಾಕಿದವನನ್ನು ಮೊದಲು ತನ್ನವನೆಂದು ಒಪ್ಪಿಕೊಂಡರಷ್ಟೇ ಕನ್ನಡದಲ್ಲಿ ಈ ನಾಚಿಕೆ ಹುಟ್ಟುತ್ತದೆ. ಒಪ್ಪಿಕೊಂಡ ಮರುಗಳಿಗೆಯೇ ಅವನಿಂದ ಎರಡು ಸಾಲು ಹಿಂದಕ್ಕೆ ಸರಿದು ಕೂರುವ ಅವಸರ.

ತನ್ನವನಲ್ಲದಿದ್ದರೆ ಏನೂ ಆಗುವುದಿಲ್ಲ. 2023ರ ಜುಲೈನಲ್ಲಿ ‘ಬಾರ್ಬಿ’ ಬಂದಾಗ ಇದೇ ಮಹಾನಗರಗಳ ಮಲ್ಟಿಪ್ಲೆಕ್ಸ್‌ಗಳಿಗೆ ಜನ ಗುಲಾಬಿ ಬಟ್ಟೆ ತೊಟ್ಟು ಹೋದರು, ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡರು. ಯಾರ ಮಾನವೂ ಹೋಗಲಿಲ್ಲ. ಕಾಮಿಕ್ ಕಾನ್‌ಗೆ ಸ್ಪೈಡರ್‌ಮ್ಯಾನ್ ಆಗಿ ಹೋಗುವ, ಮೂವತ್ತು ದಾಟಿದ ಇಂಜಿನಿಯರ್‌ನದು ‘ಕಾಸ್‌ಪ್ಲೇ’. ರಾಕಿ ಭಾಯ್‌ನ ಗಡ್ಡ ಬಿಟ್ಟು ಕೋಟು ಹಾಕಿ ‘ಕೆಜಿಎಫ್’ಗೆ ಬಂದವನದು ‘ಹುಚ್ಚಾಟ’. ಮಾಡಿದ ಕೆಲಸ ಒಂದೇ. ಹೆಸರು ಬದಲಾಗುವುದು ಅವನು ಯಾವ ಶಾಲೆಯಲ್ಲಿ ಓದಿದ್ದಾನೆ, ಟಿಕೆಟ್ಟಿಗೆ ಎಷ್ಟು ಕೊಟ್ಟಿದ್ದಾನೆ, ಕತ್ತಲಲ್ಲಿ ಯಾವ ಭಾಷೆಯಲ್ಲಿ ಕೂಗುತ್ತಾನೆ ಎಂಬುದರ ಮೇಲೆ.

ಹೊರನಾಡಿನ ಅಂಜಿಕೆಗೂ ಕಾರಣವಿಲ್ಲದಿಲ್ಲ. ಪುಣೆಯಲ್ಲೋ ದೆಹಲಿಯಲ್ಲೋ ಸಾಮಾನ್ಯ ಕನ್ನಡ ಸಿನಿಮಾಕ್ಕೆ ಸಿಗುವುದು ಎಲ್ಲೋ ಒಂದೆರಡು ಪರದೆ, ಅದೂ ಹೊತ್ತಲ್ಲದ ಹೊತ್ತಿನ ಆಟ. ‘ಬಾ, ನಮ್ಮ ಸಿನಿಮಾ ನೋಡು’ ಎಂದು ಆಫೀಸಿನ ಗೆಳೆಯನನ್ನು ಬೇರೆ ಕರೆದುಕೊಂಡು ಹೋಗಿರುತ್ತಾರೆ. ಆ ಮೂರು ಗಂಟೆ ಇಡೀ ಕನ್ನಡ ನಾಡೇ ಪರೀಕ್ಷೆಗೆ ಕೂತ ಹಾಗೆ. ಮುಂದಿನ ಸಾಲಿನಲ್ಲೊಬ್ಬ ಎದ್ದು ಟವೆಲ್ ಬೀಸಿದರೆ ಮೈ ಹಿಡಿಮಾಡಿಕೊಂಡು ಕೂರುತ್ತಾರೆ. ಆದರೆ ಪರೀಕ್ಷೆ ಇಟ್ಟವರು ಯಾರು? ಆ ಗೆಳೆಯನಂತೂ ಅಲ್ಲ. ಅವನು ಪಾಪ್‌ಕಾರ್ನ್ ತಿನ್ನುತ್ತಾ ಖುಷಿಯಾಗೇ ಇರುತ್ತಾನೆ. ಮುಂಬಯಿಯ ಮಾಟುಂಗಾದ ಅರೋರಾ ಚಿತ್ರಮಂದಿರದ ಮುಂದೆ ರಜನಿಯ ಮೊದಲ ಆಟಕ್ಕೆ ತಮಿಳರು ಎಷ್ಟೋ ಸಲ ಕಟೌಟಿಗೆ ಹಾಲೆರೆದು ಕುಣಿದಿದ್ದಾರೆ. ಪಕ್ಕದ ಮರಾಠಿಯವರು ಏನಂದುಕೊಂಡಾರು ಎಂದು ಅವರು ಡೋಲು ನಿಲ್ಲಿಸಿದ್ದಿಲ್ಲ.

ಇನ್ನು ‘ಸಂಸ್ಕೃತಿ’ಯ ಮಾತು. ವೇಷ ಹಾಕುವುದನ್ನೇ ಹಗುರವಾಗಿ ಕಾಣುವವರು ತುಳುನಾಡಿನ ಪರ ವಹಿಸಿ ಮಾತಾಡುವುದು ತಮಾಷೆಯಾಗಿದೆ. ವೇಷಕ್ಕೆ ಅಷ್ಟು ಜಾಗ ಕೊಟ್ಟ ನೆಲ ಇನ್ನೊಂದು ಸಿಗುವುದು ಕಷ್ಟ. ಮಂಗಳೂರು ದಸರೆಯಲ್ಲಿ, ಉಡುಪಿಯ ವಿಟ್ಲಪಿಂಡಿಯಲ್ಲಿ ಮೈಗೆ ಬಣ್ಣ ಬಳಿದುಕೊಂಡ ಹುಲಿಗಳು ತಾಸೆಯ ಪೆಟ್ಟಿಗೆ ಬೀದಿಯಲ್ಲಿ ಕುಣಿಯುತ್ತವೆ; ಹರಕೆ ಹೊತ್ತು ವೇಷ ಹಾಕುವವರೂ ಇದ್ದಾರೆ. ಯಕ್ಷಗಾನದಲ್ಲಿ ಕಲಾವಿದನನ್ನು ‘ವೇಷಧಾರಿ’ ಎಂದೇ ಕರೆಯುತ್ತಾರೆ, ಗೌರವದಿಂದಲೇ.

ಅದೇ ನೆಲ ದೈವದ ವಿಷಯದಲ್ಲಿ ಬೇರೆ ಲೆಕ್ಕ ಇಟ್ಟಿದೆ. ಕೋಲದಲ್ಲಿ ಗಗ್ಗರ ಕಟ್ಟುವುದು ಇಷ್ಟಬಂದವರ ಕೆಲಸವಲ್ಲ. ನಲಿಕೆ, ಪಂಬದ, ಪರವ ಸಮುದಾಯಗಳಿಗೆ ತಲೆಮಾರಿನಿಂದ ಬಂದ ಕಟ್ಟುಪಾಡು. ಅವರು ವ್ರತ ಹಿಡಿಯುತ್ತಾರೆ, ಎಣ್ಣೆ ಬೂಳ್ಯ ಪಡೆಯುತ್ತಾರೆ, ಮುಖಕ್ಕೆ ಅರ್ದಾಳ ಹಚ್ಚುತ್ತಾರೆ, ತೆಂಗಿನ ಎಳೆಗರಿಯ ಸಿರಿ ಉಡುತ್ತಾರೆ, ಅಣಿ ಕಟ್ಟುತ್ತಾರೆ. ಆಮೇಲೆ ಊರಿನ ಗುತ್ತಿನ ಯಜಮಾನರು ಅವರ ಮುಂದೆ ಕೈಮುಗಿದು ನಿಂತು ನ್ಯಾಯ ಕೇಳುತ್ತಾರೆ. ಬೆಳಗಾದ ಮೇಲೆ ಅದೇ ಯಜಮಾನರ ಮನೆಯ ಜಗಲಿ ಹತ್ತಲು ಈ ಜನಕ್ಕೆ ಬಹುಕಾಲ ಅವಕಾಶವಿರಲಿಲ್ಲ. ವರ್ಷದ ಕೆಲವು ರಾತ್ರಿ ಮಾತ್ರ ಕೈಗೆ ಬರುತ್ತಿದ್ದ ಆ ಅಧಿಕಾರದ ಗುರುತುಗಳನ್ನು ದಿಂಡಿಗಲ್‌ನ ಅಭಿಮಾನಿ ಸಿನಿಮಾ ಸಂಭ್ರಮಕ್ಕೆ ಎತ್ತಿಕೊಂಡ. ತಕರಾರಿನ ಹುರುಳು ಇರುವುದು ಅಲ್ಲಿ. ತಿರುಪತಿಯ ಗಂಗಮ್ಮನ ಜಾತ್ರೆಯಲ್ಲಿ ಭಕ್ತರೇ, ಗಂಡಸರೇ, ಸೀರೆಯುಟ್ಟು ಹರಕೆ ತೀರಿಸುತ್ತಾರೆ. ‘ಪುಷ್ಪ 2’ರ ಆ ವೇಷದಲ್ಲಿ ಹೈದರಾಬಾದಿನ ಹುಡುಗ ಥಿಯೇಟರಿಗೆ ಬಂದರೆ ಈ ತಕರಾರು ಅವನಿಗೆ ಅನ್ವಯಿಸುವುದಿಲ್ಲ. ಮುಜುಗರಕ್ಕೆ ಮಾತ್ರ ಈ ವ್ಯತ್ಯಾಸ ಕಾಣುವುದೇ ಇಲ್ಲ. ಅದಕ್ಕೆ ಮೂವರೂ ಒಂದೇ: ರಾಕಿ ಭಾಯ್, ಪುಷ್ಪ, ಪಂಜುರ್ಲಿ.

ದೈವಕ್ಕೆ ಅಗೌರವ ತೋರಿಸಲು ವೇಷವೂ ಬೇಕಿಲ್ಲ. 2025ರ ನವೆಂಬರ್‌ನಲ್ಲಿ ಗೋವಾದ ಅಂತರರಾಷ್ಟ್ರೀಯ ಚಿತ್ರೋತ್ಸವದ ಸಮಾರೋಪದಲ್ಲಿ ರಣವೀರ್ ಸಿಂಗ್ ‘ಕಾಂತಾರ’ದ ಆವೇಶದ ದೃಶ್ಯವನ್ನು ವೇದಿಕೆಯ ಮೇಲೆ ಅನುಕರಿಸಿದರು, ದೈವವನ್ನು ದೆವ್ವ ಎಂದರು, ಆಮೇಲೆ ಕ್ಷಮೆ ಕೇಳಿದರು. ಅವರ ಮುಖಕ್ಕೆ ಅರ್ದಾಳವೂ ಇರಲಿಲ್ಲ, ಕಾಲಿಗೆ ಗಗ್ಗರವೂ ಇರಲಿಲ್ಲ.

ಹೊಂಬಾಳೆಯ ಹೇಳಿಕೆಯ ಬಗ್ಗೆಯೂ ಒಂದು ಮಾತು. ದಿಂಡಿಗಲ್‌ನಲ್ಲಿ ಕೂತವನಿಗೆ ದೈವವನ್ನು ತೋರಿಸಿಕೊಟ್ಟವರು ಯಾರು? ಆ ಕೂಗು, ಆ ಜಿಗಿತ, ಆ ಬಣ್ಣವನ್ನು ಪೋಸ್ಟರು, ಟ್ರೇಲರುಗಳಲ್ಲಿ ದೇಶದುದ್ದಗಲಕ್ಕೂ ಕೊಂಡೊಯ್ದದ್ದು ಸಿನಿಮಾ. ಪರದೆಯ ಮೇಲೆ ದೈವವಾಗಿ ಕುಣಿದದ್ದು ನಾಯಕನಟ. ತಾರೆ ಮಾಡಿದರೆ ಕಲೆ, ಪ್ರೇಕ್ಷಕ ಮಾಡಿದರೆ ಅಪಚಾರ ಎನ್ನುವುದಾದರೆ ಆ ಗೆರೆ ಎಲ್ಲಿದೆ, ಅದನ್ನು ಎಳೆಯುವಾಗ ಗಗ್ಗರ ಕಟ್ಟುವವರನ್ನು ಎಷ್ಟು ಕೇಳಲಾಯಿತು ಎಂದು ನಿರ್ಮಾಪಕರು ವಿವರಿಸಬೇಕಿತ್ತು. ಮುಜುಗರಪಟ್ಟವರಾದರೂ ಅದನ್ನು ಕೇಳಬಹುದಿತ್ತು. ಬೈಗುಳವೆಲ್ಲ ಟಿಕೆಟ್ ಕೊಂಡು ಬಂದವನ ಪಾಲಿಗೇ ಹೋಯಿತು.