ಕೆಟ್ಟ ಕಂಪ್ಯೂಟರ್: ರಿಪೇರಿಯೋ, ಹೊಸದೋ?

ಬೋಧನಾಭ್ಯಾಸದ ಎರಡನೆಯ ವಾರ. ಹತ್ತನೇ ತರಗತಿಗೆ ‘ವೃತ್ತಗಳು’ ಘಟಕ. ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಸಮ ಎಂಬುದನ್ನು ಜಿಯೋಜಿಬ್ರಾದಲ್ಲಿ ತೋರಿಸಬೇಕೆಂದು ಪಾಠ ಯೋಜನೆ ಬರೆದುಕೊಂಡು ಹೋಗಿದ್ದೆ. ಬಿಂದುವನ್ನು ಮೌಸ್‌ನಿಂದ ಎಳೆದಾಗ ಎರಡೂ ಸ್ಪರ್ಶಕಗಳು ಒಟ್ಟಿಗೇ ಉದ್ದವಾಗುವುದನ್ನು, ಒಟ್ಟಿಗೇ ಗಿಡ್ಡವಾಗುವುದನ್ನು ಮಕ್ಕಳು ಮೊದಲು ನೋಡಬೇಕು, ಆಮೇಲೆ ಸಾಧನೆಗೆ ಹೋಗಬೇಕು ಎಂಬುದು ನನ್ನ ಲೆಕ್ಕ. ಆದರೆ ಪ್ರೊಜೆಕ್ಟರ್‌ಗೆ ಜೋಡಿಸಿದ್ದ ಒಂದೇ ಒಂದು ಕಂಪ್ಯೂಟರ್ ಕೈಕೊಟ್ಟಿತು. ಗುಂಡಿ ಒತ್ತಿದರೆ ಫ್ಯಾನ್ ತಿರುಗಿತು, ಒಳಗಿಂದ ಬೀಪ್ ಸದ್ದು ಬಂತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ‘ಅದು ಹಳೇದು ಬಿಡಿ ಮಿಸ್, ಹೊಸದಕ್ಕೆ ಬರೆದು ಎರಡು ವರ್ಷ ಆಯ್ತು’ ಎಂದರು ಅಲ್ಲಿನ ಸಹಶಿಕ್ಷಕರು. ಕಪ್ಪುಹಲಗೆಯ ಮೇಲೆಯೇ ಪಾಠ ಮುಗಿಸಿದೆ.

ಆ ಸಂಜೆ ಚಿಂತನಾ ದಿನಚರಿಯಲ್ಲಿ ‘ತಾಂತ್ರಿಕ ದೋಷದಿಂದ ಐಸಿಟಿ ಬಳಕೆ ಸಾಧ್ಯವಾಗಲಿಲ್ಲ’ ಎಂದು ಬರೆದೆ. ಮಾರ್ಗದರ್ಶಕ ಉಪನ್ಯಾಸಕರು ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಎರಡೇ ಪದ ಬರೆದರು: ‘ಯಾವ ದೋಷ?’ ನನ್ನ ಬಳಿ ಉತ್ತರವಿರಲಿಲ್ಲ. ವಿದ್ಯಾರ್ಥಿಯೊಬ್ಬ ಲೆಕ್ಕ ತಪ್ಪಿದಾಗ ‘ಅವನಿಗೆ ಗಣಿತ ಬರುವುದಿಲ್ಲ’ ಎಂದು ಬರೆದರೆ ನಮ್ಮನ್ನು ಯಾರೂ ಒಪ್ಪುವುದಿಲ್ಲ. ಯಾವ ಹಂತದಲ್ಲಿ ತಪ್ಪಿದ, ಚಿಹ್ನೆಯಲ್ಲೋ ಸೂತ್ರದಲ್ಲೋ ಎಂದು ಹುಡುಕಲು ನೈದಾನಿಕ ಪರೀಕ್ಷೆ ಮಾಡಿಸುತ್ತಾರೆ. ಕಂಪ್ಯೂಟರ್ ವಿಷಯದಲ್ಲಿ ಮಾತ್ರ ‘ಕೆಟ್ಟಿದೆ’ ಎಂಬ ಒಂದು ಪದಕ್ಕೆ ನಾವೆಲ್ಲ ತೃಪ್ತರಾಗುತ್ತೇವೆ.

ರಿಪೇರಿ ಮಾಡಿಸುವುದೋ ಹೊಸದು ತರುವುದೋ ಎಂಬ ಚರ್ಚೆ ನಮ್ಮ ಶಾಲೆಗಳಲ್ಲಿ ಯಂತ್ರದ ವಯಸ್ಸಿನಿಂದ ಆರಂಭವಾಗುತ್ತದೆ. ಅದು ಆರಂಭವಾಗಬೇಕಾದದ್ದು ಎರಡು ಪ್ರಶ್ನೆಗಳಿಂದ ಎಂಬುದು ನನ್ನ ಅಭಿಪ್ರಾಯ: ಯಾವ ಭಾಗ ಕೆಟ್ಟಿದೆ? ಈ ಯಂತ್ರದಿಂದ ನಮಗೆ ಆಗಬೇಕಾದ ಕೆಲಸ ಯಾವುದು?

ಮೊದಲ ಪ್ರಶ್ನೆಗೆ ಉತ್ತರ ಹುಡುಕಲು ಎಂಜಿನಿಯರ್ ಆಗಬೇಕಿಲ್ಲ. ಡೆಸ್ಕ್‌ಟಾಪ್ ಎಂದರೆ ಬಿಡಿ ಭಾಗಗಳ ಜೋಡಣೆ. ಒಂದು ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಲಕ್ಷಣಗಳೂ ಸಾಕಷ್ಟು ಸ್ಪಷ್ಟ. ಗುಂಡಿ ಒತ್ತಿದರೆ ಏನೂ ಆಗದಿದ್ದರೆ ಮೊದಲು ಗೋಡೆಯ ಸಾಕೆಟ್, ವೈರು, ಆಮೇಲೆ ಎಸ್‌ಎಂಪಿಎಸ್ ನೋಡಬೇಕು. ಫ್ಯಾನ್ ತಿರುಗಿ, ಬೀಪ್ ಬಂದು, ಪರದೆ ಕಪ್ಪಾಗಿದ್ದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಪ್ರತಿ ಸಲ ದಿನಾಂಕ ಹಿಂದಿನ ವರ್ಷಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ಸಿಆರ್ 2032 ಬ್ಯಾಟರಿ ಮುಗಿದಿದೆ. ಒಳಗಿಂದ ಟಕ್ ಟಕ್ ಸದ್ದು ಬರುತ್ತಾ ಎಲ್ಲವೂ ನಿಧಾನವಾಗಿದ್ದರೆ ಹಾರ್ಡ್ ಡಿಸ್ಕ್ ಸಾಯುತ್ತಿದೆ. ಹಾಗಿದ್ದಾಗ ಬೇರೆ ಏನು ಮಾಡುವ ಮೊದಲೂ ಅದರಲ್ಲಿರುವ ಮಕ್ಕಳ ಅಂಕಪಟ್ಟಿ, ಪ್ರಶ್ನೆಪತ್ರಿಕೆಗಳನ್ನು ಪ್ರತಿ ಮಾಡಿಕೊಳ್ಳಬೇಕು. ಬೋರ್ಡಿನ ಮೇಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ, ಸುಟ್ಟ ವಾಸನೆ ಇದ್ದರೆ ವಿಷಯ ಗಂಭೀರ.

ಮುಖ್ಯೋಪಾಧ್ಯಾಯರ ಲಿಖಿತ ಅನುಮತಿ ಪಡೆದು, ಶಾಲೆ ಬಿಟ್ಟ ಮೇಲೆ ವಿಜ್ಞಾನ ಶಿಕ್ಷಕರೊಂದಿಗೆ ಆ ಕಂಪ್ಯೂಟರ್ ಬಿಚ್ಚಿದೆವು. ಪ್ಲಗ್ ತೆಗೆದೆವು, ಬಣ್ಣ ಹಚ್ಚುವ ಬ್ರಷ್‌ನಿಂದ ದೂಳು ಗುಡಿಸಿದೆವು. ರ‍್ಯಾಮ್ ಹೊರತೆಗೆದು ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದೆವು. ಪರದೆ ಬಂತು. ಎರಡು ವರ್ಷ ‘ಕೆಟ್ಟ’ ಯಂತ್ರವಾಗಿದ್ದದ್ದು ಒಂದು ಪೈಸೆ ಖರ್ಚಿಲ್ಲದೆ ಎದ್ದಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಈ ಲೇಖನ ಬೇಕಿರಲಿಲ್ಲ. ಯಂತ್ರ ಪೂರ್ತಿ ಆನ್ ಆಗಲು ಹನ್ನೊಂದು ನಿಮಿಷ ಹಿಡಿಯಿತು. ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನುತ್ತಿತ್ತು. ನಲವತ್ತು ನಿಮಿಷದ ಅವಧಿಯಲ್ಲಿ ಹನ್ನೊಂದು ನಿಮಿಷ ಕಾಯಿಸುವ ಯಂತ್ರವನ್ನು ಸರಿಯಾಗಿದೆ ಎನ್ನಲಾಗದು. ಊರಿನ ಅಂಗಡಿಯಲ್ಲಿ ಎಸ್‌ಎಸ್‌ಡಿ ಮತ್ತು ಬ್ಯಾಟರಿ ಹಾಕಿಕೊಡಲು 2,600 ರೂಪಾಯಿ ಕೇಳಿದರು. ಹೊಸ ಕಂಪ್ಯೂಟರ್‌ಗೆ 38,000. ‘ಹತ್ತು ವರ್ಷದ ಯಂತ್ರಕ್ಕೆ ದುಡ್ಡು ಹಾಕೋದು ಹಳೇ ಸೀರೆಗೆ ಹೊಸ ಸೆರಗು ಹಚ್ಚಿದ ಹಾಗೆ’ ಎಂದರು ಮುಖ್ಯೋಪಾಧ್ಯಾಯರು. ಅವರ ಮಾತಿನಲ್ಲಿ ಹುರುಳಿತ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಟಿಪಿಎಂ 2.0 ಇಲ್ಲದ ಇಂಥ ಹಳೆಯ ಯಂತ್ರಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪಿಕೊಳ್ಳುವುದಿಲ್ಲ.

ಇಲ್ಲಿ ಎರಡನೆಯ ಪ್ರಶ್ನೆ ಸಹಾಯಕ್ಕೆ ಬಂತು. ಈ ಯಂತ್ರದಿಂದ ನಮಗೆ ಆಗಬೇಕಾದದ್ದು ಜಿಯೋಜಿಬ್ರಾ, ಕೆಲವು ವಿಡಿಯೊ, ಕನ್ನಡ ಟೈಪಿಂಗ್, ಅಂಕಗಳ ಪಟ್ಟಿ. ಇಷ್ಟಕ್ಕೆ ಉಬುಂಟುವಿನಂಥ ಉಚಿತ ಲಿನಕ್ಸ್ ಸಾಕು. ಪಕ್ಕದ ಕೇರಳದ ಶಾಲೆಗಳಲ್ಲಿ ವರ್ಷಗಳಿಂದ ಸ್ವತಂತ್ರ ತಂತ್ರಾಂಶದಲ್ಲೇ ಪಾಠ ನಡೆಯುತ್ತಿದೆ. ಎಸ್‌ಡಿಎಂಸಿ ಒಪ್ಪಿತು, ಎಸ್‌ಎಸ್‌ಡಿ ಬಂತು. ಈಗ ಯಂತ್ರ ಒಂದು ನಿಮಿಷದೊಳಗೆ ತೆರೆದುಕೊಳ್ಳುತ್ತದೆ.

ಇಷ್ಟು ಹೇಳಿದರೆ ಮೂರು ಆಕ್ಷೇಪಗಳು ಬರುತ್ತವೆ. ಸಹಪಾಠಿಗಳಿಂದ ಮೂರನ್ನೂ ಕೇಳಿದ್ದೇನೆ.

ಒಂದು, ಶಿಕ್ಷಕರು ಮೆಕ್ಯಾನಿಕ್‌ಗಳಲ್ಲ. ನಿಜ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ನಾವು ಬಿಚ್ಚಲೇಬಾರದು. ಪ್ಲಗ್ ತೆಗೆದ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಹಳೆಯ ದಪ್ಪ ಮಾನಿಟರ್‌ಗೂ ಅದೇ ಮಾತು. ನಾನು ಕೇಳುತ್ತಿರುವುದು ರಿಪೇರಿ ಮಾಡುವ ಶಿಕ್ಷಕರನ್ನಲ್ಲ, ಲಕ್ಷಣ ಗುರುತಿಸಬಲ್ಲ ಶಿಕ್ಷಕರನ್ನು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡಲು ವೈದ್ಯರೇ ಆಗಬೇಕೆಂದಿಲ್ಲ.

ಎರಡು, ಅದು ಶಾಲೆಯ ಆಸ್ತಿ, ದಾಸ್ತಾನು ವಹಿಯಲ್ಲಿದೆ, ಮುಟ್ಟಿದರೆ ತಪ್ಪು ನಮ್ಮ ತಲೆಗೆ. ಇದೂ ನ್ಯಾಯವಾದ ಹೆದರಿಕೆ. ವಾರಂಟಿ ಅಥವಾ ನಿರ್ವಹಣೆಯ ಕರಾರು ಇದ್ದರೆ ಬಿಚ್ಚಬಾರದು, ದೂರು ಕೊಡಬೇಕು. ಇಲ್ಲದಿದ್ದರೆ ಲಿಖಿತ ಅನುಮತಿ ಪಡೆದು, ಇಬ್ಬರು ಇದ್ದು ಬಿಚ್ಚಬೇಕು.

ಮೂರನೆಯದೇ ಗಟ್ಟಿ ಆಕ್ಷೇಪ: ನಾವು ಹೀಗೆ ತೇಪೆ ಹಾಕುತ್ತಾ ಹೋದರೆ ಹೊಸದನ್ನು ಯಾರು ಕೊಡುತ್ತಾರೆ? ಖಾಸಗಿ ಶಾಲೆಯ ಮಕ್ಕಳಿಗೆ ಹೊಸ ಯಂತ್ರ, ನಮ್ಮ ಮಕ್ಕಳಿಗೆ ಹಳೆಯದೇ ಗತಿಯೇ? ಈ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಹೊಸದರ ಬೆಲೆ 38,000 ರೂಪಾಯಿ ಮಾತ್ರವಲ್ಲ, ಅದು ಬರುವವರೆಗೆ ಕಾಯುವ ತಿಂಗಳುಗಳೂ ಅದರ ಬೆಲೆಯೇ. ಆ ಎರಡು ವರ್ಷಗಳಲ್ಲಿ ಎರಡು ಹತ್ತನೇ ತರಗತಿಗಳು ಆ ಕಪ್ಪು ಪರದೆಯ ಮುಂದೆಯೇ ದಾಟಿಹೋಗಿವೆ. ಜೊತೆಗೆ, ‘ಕಂಪ್ಯೂಟರ್ ಕೆಟ್ಟಿದೆ, ಹೊಸದು ಕೊಡಿ’ ಎಂಬ ಅರ್ಜಿಗಿಂತ ‘ಮದರ್‌ಬೋರ್ಡ್ ಹೋಗಿದೆ, ಈ ಮಾದರಿಯದು ಈಗ ಸಿಗುವುದಿಲ್ಲ, ಅಂಗಡಿಯವರ ಅಂದಾಜು ಲಗತ್ತಿಸಿದೆ’ ಎಂಬ ಅರ್ಜಿಗೆ ತೂಕ ಹೆಚ್ಚು.

ಹಾಗೆಂದು ಎಲ್ಲವನ್ನೂ ರಿಪೇರಿ ಮಾಡಿಸಬೇಕೆಂದಲ್ಲ. ಮದರ್‌ಬೋರ್ಡ್ ಸುಟ್ಟಿದ್ದರೆ, ರಿಪೇರಿ ಖರ್ಚು ಹೊಸದರ ಅರ್ಧ ದಾಟಿದರೆ, ವರ್ಷದೊಳಗೆ ಮೂರನೆಯ ಸಲ ಕೆಟ್ಟರೆ, ಅಥವಾ ಬೇಕಾದ ಕೆಲಸವನ್ನೇ ಆ ಯಂತ್ರ ಮಾಡಲಾರದಿದ್ದರೆ ಹೊಸದೇ ಸರಿ. ಆಗ ಹಳೆಯದನ್ನು ಗುಜರಿಯವರಿಗೆ ತೂಕಕ್ಕೆ ಹಾಕುವಂತಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ಅದು ನೋಂದಾಯಿತ ಮರುಬಳಕೆ ಘಟಕಕ್ಕೆ ಸೇರಬೇಕು. ಹಳೆಯ ದಪ್ಪ ಮಾನಿಟರ್‌ಗಳ ಗಾಜಿನಲ್ಲಿ ಸೀಸವಿರುತ್ತದೆ. ತಯಾರಿಕೆಯ ಲೆಕ್ಕವೂ ಸಣ್ಣದಲ್ಲ. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 17 ಇಂಚಿನ ಅಂಥ ಮಾನಿಟರ್ ಇರುವ ಒಂದು ಡೆಸ್ಕ್‌ಟಾಪ್ ತಯಾರಾಗಲು 240 ಕಿಲೊ ಪಳೆಯುಳಿಕೆ ಇಂಧನ, 22 ಕಿಲೊ ರಾಸಾಯನಿಕ, ಒಂದೂವರೆ ಟನ್ ನೀರು ಬೇಕಾಗಿತ್ತು. ಇಂದಿನ ಯಂತ್ರಗಳಿಗೆ ಈ ಅಂಕಿಗಳು ಹಾಗೆಯೇ ಹೊಂದಲಾರವು. ಆದರೂ ಸ್ವಿಚ್ ಹಾಕುವ ಮೊದಲೇ ಯಂತ್ರವೊಂದು ಎಷ್ಟು ತಿಂದಿರುತ್ತದೆ ಎಂಬುದನ್ನು ಅವು ತೋರಿಸುತ್ತವೆ.

ನಮ್ಮ ಬಿ.ಇಡಿ. ಪಠ್ಯಕ್ರಮದಲ್ಲಿ ‘ಐಸಿಟಿಯ ವಿಮರ್ಶಾತ್ಮಕ ತಿಳಿವಳಿಕೆ’ ಎಂಬ ಭಾಗವೇ ಇದೆ. ಅದರಲ್ಲಿ ಸಿಪಿಯು, ರ‍್ಯಾಮ್, ಹಾರ್ಡ್ ಡಿಸ್ಕ್‌ಗಳ ಚಿತ್ರ ಬರೆದು ಅಂಕ ಪಡೆದಿದ್ದೇನೆ. ನಿಜವಾದ ರ‍್ಯಾಮ್ ಮುಟ್ಟಿದ್ದು ಆ ಸಂಜೆಯೇ ಮೊದಲು. ಆದ್ದರಿಂದ ಕಾಲೇಜಿಗೆ ನನ್ನದೊಂದು ಸಲಹೆ. ಬೋಧನಾಭ್ಯಾಸಕ್ಕೆ ಕಳುಹಿಸುವ ಮೊದಲು, ನಮ್ಮ ಪ್ರಯೋಗಾಲಯದ ಮೂಲೆಯಲ್ಲಿರುವ ಹಳೆಯ ಯಂತ್ರಗಳನ್ನೇ ಇಟ್ಟುಕೊಂಡು ಅರ್ಧ ದಿನದ ಅಭ್ಯಾಸ ಕೊಡಿ. ಶಾಲೆಗಳಲ್ಲಿ ಪ್ರತಿ ಕಂಪ್ಯೂಟರ್‌ಗೂ ಒಂದು ಪುಟ ತೆರೆಯೋಣ: ಕೆಟ್ಟ ದಿನಾಂಕ, ಕಂಡ ಲಕ್ಷಣ, ಮಾಡಿದ ಪರೀಕ್ಷೆ, ಆದ ಖರ್ಚು, ತೆಗೆದುಕೊಂಡ ತೀರ್ಮಾನ. ಮುಂದಿನ ವರ್ಷ ಬರುವ ಪ್ರಶಿಕ್ಷಣಾರ್ಥಿ ಮತ್ತೆ ಮೊದಲಿನಿಂದ ಹುಡುಕಬೇಕಾಗುವುದಿಲ್ಲ.

ಕೊನೆಯ ವಾರ ಸ್ಪರ್ಶಕಗಳ ಪಾಠವನ್ನು ಪುನರಾವರ್ತನೆಯಾಗಿ ಮತ್ತೆ ತೆಗೆದುಕೊಂಡೆ. ಬಿಂದುವನ್ನು ಎಳೆಯಲು ಮುಂದೆ ಬಂದ ಹುಡುಗನೊಬ್ಬ ಅದನ್ನು ವೃತ್ತದೊಳಗೇ ಎಳೆದುಬಿಟ್ಟ. ಎರಡೂ ಸ್ಪರ್ಶಕಗಳು ಮಾಯವಾದವು. ‘ಎಲ್ಲಿ ಹೋದ್ವು ಮಿಸ್?’ ಎಂದು ಇಡೀ ತರಗತಿ ಕೇಳಿತು. ಕಪ್ಪುಹಲಗೆಯ ಪಾಠದ ದಿನ ಈ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ, ನನಗೂ.