ಬಟ್ಟೆ ನೋಡಿದಿರಿ, ಹಸಿವು ನೋಡಿದಿರಾ?



2023ರ ಮಾರ್ಚ್‌ನಲ್ಲಿ ಮಧ್ಯಪ್ರದೇಶದ ರತ್ಲಾಮ್‌ನಲ್ಲಿ ಒಂದು ದೇಹದಾರ್ಢ್ಯ ಸ್ಪರ್ಧೆ ನಡೆಯಿತು. ವೇದಿಕೆ ಮೇಲಿದ್ದ ಹನುಮಂತನ ಮೂರ್ತಿ ಎದುರು ಮಹಿಳಾ ಸ್ಪರ್ಧಿಗಳು ಸ್ಪರ್ಧೆಯ ಉಡುಪಿನಲ್ಲಿ ಪೋಸ್ ಕೊಟ್ಟರು ಅನ್ನೋದೇ ದೊಡ್ಡ ಗಲಾಟೆ ಆಯ್ತು. ಕಾಂಗ್ರೆಸ್ ಕಾರ್ಯಕರ್ತರು ಬಂದು ಗಂಗಾಜಲ ಚಿಮುಕಿಸಿ, ಹನುಮಾನ್ ಚಾಲೀಸಾ ಓದಿ ಜಾಗ 'ಶುದ್ಧ' ಮಾಡಿದರು. ಬಿಜೆಪಿಯವರು, ಕಾಂಗ್ರೆಸ್‌ಗೆ ಹೆಣ್ಣುಮಕ್ಕಳು ಕ್ರೀಡೆಯಲ್ಲಿ ಮುಂದೆ ಬರೋದು ಇಷ್ಟವಿಲ್ಲ ಅಂದರು. 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಮತ್ತು ನಮ್ಮ ಜನ ಚವದಾರ್ ಕೆರೆಯ ನೀರು ಕುಡಿದಾಗ ಸಗಣಿ, ಗಂಜಲ ಸುರಿದು ಕೆರೆ ಶುದ್ಧ ಮಾಡಿದ್ದು ನೆನಪಿರುವ ನಮಗೆ ಈ ಆಟ ಹೊಸದೇನಲ್ಲ.

ಆದರೆ ಅವತ್ತು ಎಲ್ಲರೂ ಬಟ್ಟೆ ಅಳೆದರು. ಇಂಥ ವೇದಿಕೆ ಹತ್ತುವ ಹೆಣ್ಣುಮಕ್ಕಳು ಅದಕ್ಕೆ ಮುಂಚೆ ಎಷ್ಟು ವಾರ ಹೊಟ್ಟೆ ತುಂಬ ಉಂಡಿರಲ್ಲ ಅಂತ ಯಾರೂ ಕೇಳಲಿಲ್ಲ.

ನನ್ನ ನಿಲುವು ಮೊದಲೇ ಹೇಳ್ತೀನಿ. ಹೆಣ್ಣು ತೂಕ ಎತ್ತಬೇಕು, ತೋಳು ಗಟ್ಟಿ ಮಾಡ್ಕೋಬೇಕು, ಅದನ್ನ ಹೆಮ್ಮೆಯಿಂದ ತೋರಿಸಬೇಕು. ಕಲ್ಲು ಹೊತ್ತ, ಗದ್ದೆ ಕೆಲಸ ಮಾಡಿದ ನಮ್ಮ ಅವ್ವಂದಿರ ತೋಳಿಗೆ ಯಾರೂ ಪದಕ ಕೊಡಲಿಲ್ಲ. ನನ್ನ ತಕರಾರು ಸ್ನಾಯುವಿನ ಬಗ್ಗೆ ಅಲ್ಲ, ಹಸಿವನ್ನೇ ನಿಯಮ ಮಾಡಿರೋದರ ಬಗ್ಗೆ.

ಈ ಸ್ಪರ್ಧೆಯಲ್ಲಿ ಎಷ್ಟು ಕೆ.ಜಿ. ಎತ್ತಿದೆ ಅಂತ ಯಾರೂ ಲೆಕ್ಕ ಹಾಕಲ್ಲ. ತೀರ್ಪುಗಾರರ ಕಣ್ಣೇ ತಕ್ಕಡಿ. ಸ್ನಾಯುವಿನ ಗೆರೆ ಕಾಣಬೇಕಾದರೆ ಮೈಯ ಕೊಬ್ಬು ಕರಗಬೇಕು. ಅದಕ್ಕೆ ಮೂರ್ನಾಲ್ಕು ತಿಂಗಳು ಊಟಕ್ಕೆ ಕತ್ತರಿ, ಮೇಲೆ ದಿನಾ ಕಾರ್ಡಿಯೋ. ಕೊನೆ ವಾರ ಎಷ್ಟೋ ಜನ ಉಪ್ಪು ಬಿಡ್ತಾರೆ, ನೀರೂ ಕಡಿಮೆ ಮಾಡ್ತಾರೆ. ಇಷ್ಟು ಸಾಕು ಅಂತ ಹೇಳೋ ಗೆರೆಯೇ ಇಲ್ಲಿಲ್ಲ.

ದೇಹ ಸುಮ್ಮನಿರುತ್ತಾ? ಬೇಕಾದಷ್ಟು ಅನ್ನ ಸಿಗದಿದ್ದರೆ ಮೊದಲು ಮುಟ್ಟು ನಿಲ್ಲಿಸುತ್ತೆ, ಆಮೇಲೆ ಮೂಳೆ ಸವೆಯುತ್ತೆ. ಕ್ರೀಡಾವೈದ್ಯರು ಇದನ್ನ 1990ರ ದಶಕದಿಂದಲೇ ಹೇಳ್ತಾ ಬಂದಿದ್ದಾರೆ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯೇ 'ರೆಡ್-ಎಸ್' ಅಂತ ಹೆಸರಿಟ್ಟು ಎಚ್ಚರಿಸಿತು. ಫಿನ್ಲೆಂಡಿನ ಮಹಿಳಾ ಫಿಟ್‌ನೆಸ್ ಸ್ಪರ್ಧಿಗಳ ಬಗ್ಗೆ 2017ರಲ್ಲಿ ಬಂದ ಅಧ್ಯಯನದಲ್ಲಿ, ಸ್ಪರ್ಧೆ ಮುಗಿಸಿ ಮೂರ್ನಾಲ್ಕು ತಿಂಗಳು ಚೆನ್ನಾಗಿ ಉಂಡ ಮೇಲೂ ಕೆಲವು ಹಾರ್ಮೋನುಗಳು ಪೂರ್ತಿ ಚೇತರಿಸಿಕೊಂಡಿರಲಿಲ್ಲ.

ನಮ್ಮ ಸಂಘಟನೆಗೆ ಬರೋ ಹುಡುಗಿಯೊಬ್ಬಳು (ಅವಳ ಒಪ್ಪಿಗೆ ಕೇಳಿಯೇ ಬರೀತಿದ್ದೀನಿ) ಹೇಳಿದ್ದು: "ಅಕ್ಕಾ, ಐದು ತಿಂಗಳಿಂದ ಮುಟ್ಟಾಗಿಲ್ಲ. ಸರ್ ಹೇಳ್ತಾರೆ, ಡಯಟ್ ಸರಿಯಾಗಿ ನಡೀತಿದೆ ಅಂತ ಅರ್ಥವಂತೆ." ಸ್ಪರ್ಧೆ ಮುಗಿದ ಮೇಲೆ ರಾತ್ರಿ ಎದ್ದು ಕೈಗೆ ಸಿಕ್ಕಿದ್ದೆಲ್ಲ ತಿಂದು, ಮರುದಿನ ಪೂರ್ತಿ ಉಪವಾಸ. "ನನಗೆ ಮನಸ್ಸೇ ಗಟ್ಟಿ ಇಲ್ಲ ಅಕ್ಕಾ" ಅಂತ ಅಳ್ತಾಳೆ.

ಅವಳಿಗೆ ಮಿನೆಸೋಟಾದ ಕಥೆ ಹೇಳಿದೆ. 1944-45ರಲ್ಲಿ ಅಮೆರಿಕದಲ್ಲಿ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ಪ್ರಯೋಗ ಮಾಡಿದರು. ಆ ಗಂಡಸರಿಗೆ ಹಗಲುರಾತ್ರಿ ಊಟದ್ದೇ ಯೋಚನೆ. ಕೆಲವರು ಅಡುಗೆ ಪುಸ್ತಕ ಕೂಡಿಡೋಕೆ ಶುರು ಮಾಡಿದರು. ಮತ್ತೆ ಊಟ ಸಿಕ್ಕಾಗ ಎಷ್ಟು ತಿಂದರೂ ಕೆಲವರಿಗೆ ತೃಪ್ತಿಯಾಗಲಿಲ್ಲ. ಅವರ ಮನಸ್ಸು ಸಡಿಲವಾಗಿರಲಿಲ್ಲ, ಹಸಿದಿದ್ದರು ಅಷ್ಟೇ. ಇವಳದೂ ಅದೇ ಹಸಿವು.

ಜಿಮ್‌ನ ಭಾಷೆ ಗಮನಿಸಿ. ಚಪ್ಪೆ ಕೋಳಿ, ಓಟ್ಸ್ 'ಕ್ಲೀನ್'. ಒಂದು ತುತ್ತು ಹೆಚ್ಚು ತಿಂದರೆ 'ಚೀಟ್'. ಊಟದಲ್ಲಿ ಮಡಿ-ಮೈಲಿಗೆ ಹುಡುಕೋರ ಕೈಲಿ ನಾವು ಪಟ್ಟಿದ್ದು ಸಾಲದಾ? ಅನ್ನ ಉಂಡಿದ್ದಕ್ಕೆ ಹುಡುಗಿ ತಪ್ಪಿತಸ್ಥಳಂತೆ ತಲೆ ತಗ್ಗಿಸಬೇಕಾ?

ಇನ್ನೊಂದು ಕಡೆ, ಬೆಳೆಸಿದ ಸ್ನಾಯುವೂ ಅವರದ್ದಾಗಿ ಉಳಿಯಲ್ಲ. 2005ರ ಹೊತ್ತಿಗೆ ಐಎಫ್‌ಬಿಬಿ ಸಂಸ್ಥೆ ಮಹಿಳಾ ಸ್ಪರ್ಧಿಗಳಿಗೆ ಸ್ನಾಯು ಶೇ. 20ರಷ್ಟು ಕಡಿಮೆ ಮಾಡ್ಕೊಳ್ಳಿ ಅಂದಿತು. ಗಂಗಾಜಲ ಚಿಮುಕಿಸೋರೂ, ಅಂಕ ಹಾಕೋರೂ ಆ ಮೈ ತಮ್ಮದು ಅಂದುಕೊಂಡಿದ್ದಾರೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಶಾಲೆಯಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಿ ಅಂತ ಜಗಳ ಆಡಿದ ನಾವು, ಅದೇ ಮನೆಗಳ ಹುಡುಗಿ ಕೋಚ್‌ಗೆ ಫೀಸು ಕಟ್ಟಿ ಉಪವಾಸ ಬೀಳೋವಾಗ "ಅದು ಅವಳಿಷ್ಟ" ಅಂತ ಸುಮ್ಮನಿರಬಾರದು.

ಆಗಬೇಕಾದ್ದು ಇಷ್ಟು. ಮೂರು ತಿಂಗಳು ಮುಟ್ಟು ನಿಂತರೆ ಕೋಚ್ ಮಾತು ಬದಿಗಿಟ್ಟು ಡಾಕ್ಟರ ಹತ್ತಿರ ಹೋಗಿ. ಸ್ಪರ್ಧೆ ನಡೆಸೋರು ವೇದಿಕೆ ಹತ್ತಿಸುವ ಮುಂಚೆ ವೈದ್ಯಕೀಯ ತಪಾಸಣೆ ಕಡ್ಡಾಯ ಮಾಡಲಿ, ನೀರು ಬಿಡಿಸೋ ಕೋಚ್‌ಗಳನ್ನ ಹೊರಗಿಡಲಿ. ಸ್ಪರ್ಧೆ ಮುಗಿದ ಮೇಲಿನ ತಿಂಗಳುಗಳಿಗೂ ಊಟದ ಯೋಜನೆ ಕೊಡಲಿ. ತಿನ್ನೋದು ಕೈ ಮೀರಿದೆ ಅನಿಸಿದರೆ ಸರ್ಕಾರದ ಟೆಲಿ ಮಾನಸ್ ಇದೆ: 14416. ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮತ್ತೆ ನಾವು: ಹುಡುಗಿ ಸೊರಗಿದ ಫೋಟೋ ಹಾಕಿದಾಗ "ಸೂಪರ್ ಸಿಸ್ಟರ್" ಅನ್ನೋ ಮುಂಚೆ "ಊಟ ಆಯ್ತಾ ತಂಗಿ?" ಅಂತ ಇನ್‌ಬಾಕ್ಸಲ್ಲಿ ಕೇಳಿ. ಜಿಮ್ ಬಿಡು ಅಂತ ಮಾತ್ರ ಹೇಳಬೇಡಿ. ಮನೆಯವರು ಆ ಮಾತಿಗೇ ಕಾಯ್ತಿರ್ತಾರೆ.

ಜೈಭೀಮ್.