ಪಕ್ಕದ ಚಕ್ರಕ್ಕೂ ಕಲಿಕೆ ಬೇಕು



ಮಂಡಿನೋವು ಹೆಚ್ಚಿ ಬೈಕ್ ಬಿಟ್ಟೆ. ಈಗ ಹಿಂದೆ ಎರಡು ಪಕ್ಕದ ಚಕ್ರ ಕೂರಿಸಿದ ಸ್ಕೂಟರ್. ಸಿಗ್ನಲ್‌ನಲ್ಲಿ ಆರಾಮ, ನಿಜ. ಆದರೆ ಬೈಕಿನ ರೂಢಿಗಳೇ ಇಲ್ಲಿ ಅಪಾಯ. ತಿರುವಿನಲ್ಲಿ ಇದು ವಾಲುವುದಿಲ್ಲ. ಮೊದಲೇ ವೇಗ ತಗ್ಗಿಸಿ ಹ್ಯಾಂಡಲ್ಲನ್ನೇ ತಿರುಗಿಸಬೇಕು, ಇಲ್ಲವಾದರೆ ಗಾಡಿ ಹೊರಬದಿಗೆ ಮಗುಚಲು ನೋಡುತ್ತದೆ. ನಿಲ್ಲುವ ಮೊದಲೇ ಕಾಲೂರಿದರೆ ಚಕ್ರ ಪಾದದ ಮೇಲೆ ಹತ್ತೀತು. ಇನ್ನು ಗುಂಡಿಗಳು! ಬೈಕಾದರೆ ನುಸುಳಬಹುದಿತ್ತು, ಇದರ ಮೂರು ಜಾಡಿನಲ್ಲಿ ಒಂದಾದರೂ ಗುಂಡಿಗೆ ಇಳಿದೇ ಇಳಿಯುತ್ತದೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಇಂಥ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಬೇಕು. ಚಕ್ರ ಜೋಡಿಸಿಕೊಟ್ಟ ಗ್ಯಾರೇಜಿನವರು ಅದರ ಸುದ್ದಿಯನ್ನೇ ಎತ್ತಲಿಲ್ಲ. ಆರ್‌ಟಿಒ ಕಚೇರಿಗಳು ಈ ಮಾಹಿತಿಯ ಫಲಕ ಹಾಕಿ, ಹೊಸಬರಿಗೆ ಒಂದಿಷ್ಟು ಹೊತ್ತು ಮೈದಾನದಲ್ಲಿ ಅಭ್ಯಾಸಕ್ಕೆ ಅವಕಾಶ ಕೊಡಲಿ.

– ಒಬ್ಬ ಓದುಗ, ತುಮಕೂರು